ಯಾವ ಕಾವಲುಗಾರ ಮೇಲು?



ರಾಗಿ ಹಿಟ್ಟನ್ನು ಜರಡಿ ಹಿಡಿಯುವುದನ್ನು ನೀವು ನೋಡಿದ್ದೀರಿ. ಒಳ್ಳೆಯ ಜರಡಿ ಹೊಟ್ಟನ್ನು ಮೇಲೆ ಉಳಿಸುತ್ತದೆ. ಹಿಟ್ಟನ್ನು ತಡವಿಲ್ಲದೆ ಕೆಳಗೆ ಬಿಡುತ್ತದೆ. ಗಣಕಯಂತ್ರಗಳಿಗೂ ಇಂತಹ ಒಂದು ಜರಡಿ ಇದೆ. ಅದರ ಹೆಸರು ಫೈರ್‌ವಾಲ್.

ಸೇಲಂ, ಧರ್ಮಪುರಿಯ ಬ್ಯಾಂಕುಗಳಲ್ಲಿ ಗಣಕಯಂತ್ರಗಳಿವೆ. ಅವು ದೂರದ ಗಣಕಯಂತ್ರಗಳಿಗೆ ಸುದ್ದಿ ಕಳುಹಿಸುತ್ತವೆ. ಈ ಸುದ್ದಿ ಚಿಕ್ಕ ಚಿಕ್ಕ ತುಣುಕುಗಳಾಗಿ ಹೋಗುತ್ತದೆ. ಈ ತುಣುಕುಗಳಿಗೆ ಪ್ಯಾಕೆಟ್ ಎನ್ನುವರು. ಕಳ್ಳರು ಕಳುಹಿಸಿದ ಪ್ಯಾಕೆಟ್‌ಗಳೂ ಅವುಗಳ ನಡುವೆ ಸೇರಿ ಬರಬಹುದು. ಫೈರ್‌ವಾಲ್ ಪೆಟ್ಟಿಗೆಯು ದಾರಿಯಲ್ಲಿ ನಿಂತು ಕೆಟ್ಟದ್ದನ್ನು ತಡೆಯುತ್ತದೆ.

ಇಂತಹ ಪೆಟ್ಟಿಗೆಗಳನ್ನು ಹಲವು ಕಂಪನಿಗಳು ಮಾಡುತ್ತವೆ. ಯಾವುದು ಮೇಲು ಎಂದು ತಿಳಿಯುವುದು ಹೇಗೆ? ಬನ್ನಿ, ಪ್ರಯೋಗಾಲಯಕ್ಕೆ ಹೋಗಿ ನೋಡೋಣ.

ಇಲ್ಲಿಯ ತಂತಿಗಳು ಹೊರಗಿನ ಅಂತರ್ಜಾಲಕ್ಕೆ ಸೇರಿಲ್ಲ. ಪರೀಕ್ಷೆಗೆಂದು ಬಿಟ್ಟ ಕೆಟ್ಟ ಪ್ಯಾಕೆಟ್ ಹೊರಗೆ ಹೋಗಬಾರದಲ್ಲವೇ? ಒಂದು ಯಂತ್ರವು ಸಾವಿರಾರು ಜನರು ಕಳುಹಿಸಿದಂತೆ ಪ್ಯಾಕೆಟ್‌ಗಳನ್ನು ಬಿಡುತ್ತದೆ. ಎಲ್ಲ ಪೆಟ್ಟಿಗೆಗಳಿಗೂ ಅದೇ ಪ್ಯಾಕೆಟ್‌ಗಳು, ಅಷ್ಟೇ ಸಮಯ, ಒಂದೇ ನಿಯಮ.

ಮೊದಲು ವೇಗವನ್ನು ಅಳೆಯುತ್ತಾರೆ. ಇದಕ್ಕೆ ಅಂತರ್ಜಾಲದ ತಂತ್ರಜ್ಞರು 1999ರಲ್ಲಿ ನಿಯಮಗಳನ್ನು ಬರೆದರು. 64 ಬೈಟ್‌ನ ಚಿಕ್ಕ ತುಣುಕಿನಿಂದ 1518 ಬೈಟ್‌ನ ದೊಡ್ಡ ತುಣುಕಿನವರೆಗೆ ಕಳುಹಿಸಿ ನೋಡುತ್ತಾರೆ. ಚಿಕ್ಕವು ಬಂದಾಗಲೇ ಕೆಲಸ ಹೆಚ್ಚು. ಒಂದು ದೊಡ್ಡ ಪಾರ್ಸೆಲ್‌ನ ವಿಳಾಸ ಓದುವುದಕ್ಕಿಂತ ನೂರು ಕಾಗದಗಳ ವಿಳಾಸ ಓದುವುದು ಕಷ್ಟವಲ್ಲವೇ? ಪ್ಯಾಕೆಟ್ ದಾಟಲು ಎಷ್ಟು ತಡವಾಯಿತು ಎಂಬುದನ್ನು ಕನಿಷ್ಠ 20 ಸಲ ಅಳೆದು ಸರಾಸರಿ ತೆಗೆಯಬೇಕು.

ಅನಂತರ ಒಳ್ಳೆಯ ಮತ್ತು ಕೆಟ್ಟ ಪ್ಯಾಕೆಟ್‌ಗಳನ್ನು ಬೆರೆಸಿ ಬಿಡುತ್ತಾರೆ. ಎಷ್ಟು ಕೆಟ್ಟವು ನುಸುಳಿದವು ಎಂದು ಎಣಿಸುತ್ತಾರೆ. ಎಷ್ಟು ಒಳ್ಳೆಯವು ಸಿಕ್ಕಿಬಿದ್ದವು ಎಂಬುದನ್ನೂ ಎಣಿಸುತ್ತಾರೆ. ಎಲ್ಲವನ್ನೂ ತಡೆದರೆ ಕಳ್ಳನು ಬರಲಾರ, ನಿಜ. ಆದರೆ ಅಜ್ಜಿಯ ಪಿಂಚಣಿ ಹಣವೂ ಬರಲಾರದು! ಅಂತಹ ಪೆಟ್ಟಿಗೆ ಕಾವಲುಗಾರನಲ್ಲ, ಬಾಗಿಲಿಲ್ಲದ ಗೋಡೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರತಿ ಪ್ಯಾಕೆಟನ್ನೂ ಬಿಚ್ಚಿ ನೋಡಿದರೆ ಪೆಟ್ಟಿಗೆಯ ವೇಗ ತಗ್ಗುತ್ತದೆ. ನೋಡದೆ ಬಿಟ್ಟರೆ ವೇಗ ಹೆಚ್ಚುತ್ತದೆ. ಕಣ್ಣು ಮುಚ್ಚಿದ ಕಾವಲುಗಾರನು ಸಾಲನ್ನು ಬೇಗ ಮುಗಿಸುತ್ತಾನೆ. ಅದರಿಂದೇನು ಪ್ರಯೋಜನ? ಆದ್ದರಿಂದ ಕಾವಲಿನ ಕೆಲಸಗಳನ್ನೆಲ್ಲ ನಡೆಸುತ್ತಲೇ ವೇಗವನ್ನು ಅಳೆಯಬೇಕು. ಇಂತಹ ಪೆಟ್ಟಿಗೆಗಳಿಗಾಗಿಯೇ 2023ರಲ್ಲಿ ಹೊಸ ನಿಯಮಗಳು ಬಂದವು.

ನಮ್ಮ ಜಿಲ್ಲೆಗಳಿಂದ ಕೃಷ್ಣಗಿರಿ, ಹೊಸೂರು ದಾಟಿದರೆ ಬೆಂಗಳೂರು. ಅಲ್ಲಿ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವಿದೆ. ಇದು ಕೇಂದ್ರ ಸರ್ಕಾರದ ಸಂಸ್ಥೆ. ದೂರಸಂಪರ್ಕ ಉಪಕರಣಗಳು ಸುರಕ್ಷಿತವೇ ಎಂದು ಇದು ಒಪ್ಪಿದ ಪ್ರಯೋಗಾಲಯಗಳು ಪರೀಕ್ಷಿಸುತ್ತವೆ. ತೇರ್ಗಡೆಯಾದವಕ್ಕೆ ಪ್ರಮಾಣಪತ್ರ ದೊರೆಯುತ್ತದೆ.

ಹೊಗಳಿಕೆಯ ಮಾತು ಸುಲಭ. ಒಂದೇ ಅಳತೆಯಿಂದ ಎಲ್ಲರನ್ನೂ ಅಳೆಯುವುದೇ ನ್ಯಾಯ.

ಅಭ್ಯಾಸ
1. ಒಳ್ಳೆಯ ಪ್ಯಾಕೆಟ್‌ಗಳನ್ನು ತಡೆಯುವ ಪೆಟ್ಟಿಗೆಯಿಂದ ತೊಂದರೆ ಏನು?
2. ನಿಮ್ಮ ಮನೆಯ ಎರಡು ಜರಡಿಗಳಲ್ಲಿ ಯಾವುದು ಮೇಲು? ಹಿಟ್ಟು, ಅಳತೆ, ಸಮಯ ಒಂದೇ ಇರಲಿ. ಪರೀಕ್ಷಿಸಿ ಬರೆಯಿರಿ.