ನಿಷ್ಠಾಭಕ್ತಿಯಿಂದ ಆನಂದಭಕ್ತಿಗೆ

ಷಟ್‌ಸ್ಥಲಗಳಲ್ಲಿ ಒಂದೊಂದು ಸ್ಥಲಕ್ಕೂ ಒಂದೊಂದು ಭಕ್ತಿಯನ್ನು ಹೇಳಿರುವುದುಂಟು. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ, ಪ್ರಾಣಲಿಂಗಿಗೆ ಅನುಭಾವಭಕ್ತಿ, ಶರಣನಿಗೆ ಆನಂದಭಕ್ತಿ, ಐಕ್ಯನಿಗೆ ಸಮರಸಭಕ್ತಿ. ಈ ಆರು ಹೆಸರುಗಳನ್ನು ತಡವರಿಸದೆ ಒಪ್ಪಿಸುವ ಬಾಲಕರು ಮಠದ ಶಾಲೆಗಳಲ್ಲಿ ಬೇಕಾದಷ್ಟು ಮಂದಿ ಸಿಕ್ಕುವರು. ಆದರೆ ನಿಷ್ಠೆಯು ಎರಡನೆಯದಾಗಿ, ಆನಂದವು ಐದನೆಯದಾಗಿ ಏಕೆ ನಿಂತಿತು, ನಡುವೆ ಎರಡು ಮೆಟ್ಟಿಲುಗಳು ಏಕೆ ಬಂದವು ಎಂದು ಕೇಳುವವರು, ಹಿರಿಯರಲ್ಲಿಯೂ, ವಿರಳ.

ಸದ್ಗೃಹಸ್ಥನೊಬ್ಬನು ಬೆಳಗಿನಲ್ಲಿ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿಕೊಳ್ಳುತ್ತಾನೆ. ಪತ್ರೆ ಏರಿತು, ಮಂತ್ರ ಮುಗಿಯಿತು. ಮನಸ್ಸು ಮಾತ್ರ ಆ ಹೊತ್ತೆಲ್ಲ ಸಂತೆಯ ಧಾರಣೆಯಲ್ಲಿಯೋ ಮಗನ ಪರೀಕ್ಷೆಯಲ್ಲಿಯೋ ಇದ್ದಿತು. ಪೂಜೆಯಿಂದ ಎದ್ದಾಗ ಅವನಿಗೆ ದೊರೆಯುವುದು ಕಂದಾಯ ಕಟ್ಟಿ ರಶೀದಿ ಪಡೆದವನ ನೆಮ್ಮದಿ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಕಂದಾಯವನ್ನು ತಪ್ಪದೆ ಕಟ್ಟುವವನು ನಂಬಿಕಸ್ಥನೇ. ಆದರೆ ಕಂದಾಯ ಕಟ್ಟುವುದಕ್ಕೆ ದೊರೆಯಲ್ಲಿ ಪ್ರೀತಿಯಿರಬೇಕೆಂಬ ನಿಯಮವಿಲ್ಲ. ಮೂವತ್ತು ವರ್ಷ ಲಿಂಗವನ್ನು ಪೂಜಿಸಿಯೂ ಲಿಂಗದಲ್ಲಿ ಒಲವು ಹುಟ್ಟಲಿಲ್ಲವಾದರೆ ಅದು ಎಂತಹ ಬಡತನ!

ಶಬ್ದಾರ್ಥವನ್ನು ನೋಡಿದರೂ ಭೇದವು ತಿಳಿಯುತ್ತದೆ. ನಿಷ್ಠೆಯ ಮೂಲದಲ್ಲಿರುವ ಧಾತುವಿಗೆ ಧಾತುಪಾಠವು ಹೇಳುವ ಅರ್ಥ ಗತಿನಿವೃತ್ತಿ, ಅಂದರೆ ಕದಲದೆ ನಿಲ್ಲುವುದು. ಆನಂದದ ಮೂಲಧಾತುವಿಗೆ ಅರ್ಥ ಸಮೃದ್ಧಿ. ಒಂದು ನಿಲ್ಲುವುದು, ಇನ್ನೊಂದು ತುಂಬುವುದು.

ಶಿರಹಟ್ಟಿಯ ಸೀಮೆಯವರಿಗೆ ಇದನ್ನು ತಿಳಿಯಲು ಮಾಗಡಿಯ ಕೆರೆಯೇ ಸಾಕು. ಮಳೆಯ ನೀರನ್ನು ಹಿಡಿದು ಹೊಲಗಳಿಗೆ ಒದಗಿಸಲೆಂದು ಮನುಷ್ಯರು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಕೆರೆ ಅದು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿಗೆ ಬಂದಿಳಿಯುತ್ತವೆ. 2024ರಲ್ಲಿ ಅದು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಕೆರೆಯ ಏರಿಯು ಮನುಷ್ಯನ ದುಡಿಮೆ. ಮಳೆಯು ಅವನ ಕೈಯಲ್ಲಿಲ್ಲ, ಹಕ್ಕಿಗಳಂತೂ ಯಾರ ಅಪ್ಪಣೆಗೂ ಬರುವುವಲ್ಲ. ಏರಿಯಿಲ್ಲದಿದ್ದರೆ ಸುರಿದ ಮಳೆ ಹರಿದುಹೋಗುತ್ತಿತ್ತು. ಆದರೆ ಏರಿಯನ್ನು ನೋಡಿಕೊಂಡೇ ತೃಪ್ತಿಪಡುವುದಕ್ಕಾಗಿ ಯಾರೂ ಕೆರೆ ಕಟ್ಟಲಿಲ್ಲ. ನಿತ್ಯಪೂಜೆಯ ವಿಧಿಯೂ ಹಾಗೆಯೇ. ಒಣಗಿದ ವರ್ಷದಲ್ಲಿಯೂ ಅದನ್ನು ಒಡೆಯಬಾರದು, ಒಣಗಿರುವುದೇ ಕೆರೆಯ ಸ್ವಭಾವವೆಂದೂ ತಿಳಿಯಬಾರದು. ಹಕ್ಕಿಗಳ ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಲೇಸು. ಅವು ಪ್ರಕೃತಿಯ ಪ್ರೇರಣೆಯಿಂದ ಬರುವುವು, ಭಕ್ತನು ಅರಿತು ಬರಬೇಕು.

ಆ ಅರಿವಿಗೆ ಮೊದಲ ಮೆಟ್ಟಿಲೇ ಅವಧಾನ, ಎಂದರೆ ಎಚ್ಚರಿಕೆಯ ಗಮನ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದು ಸತಿ ಲಕ್ಕಮ್ಮ ಕಳುಹಿಸಿದ ಕಥೆ ಪ್ರಸಿದ್ಧವಾಗಿದೆ. ಇದನ್ನು ಆಕೆಯ ಕಟ್ಟುನಿಟ್ಟಿಗೆ ಉದಾಹರಣೆಯಾಗಿ ಹೇಳುವ ರೂಢಿಯಿದೆ. ಆದರೆ ಹಿಡಿ ಅಕ್ಕಿ ಹೆಚ್ಚಾದುದು ಆಕೆಯ ಕಣ್ಣಿಗೆ ಹೇಗೆ ಬಿದ್ದಿತು? ಲಿಂಗಕ್ಕೆ ಅರ್ಪಿತವಾಗುವುದರ ಮೇಲೆ ಮನಸ್ಸೆಲ್ಲ ನಿಂತಿದ್ದುದರಿಂದ ಬಿದ್ದಿತು. ಪ್ರೀತಿಯುಳ್ಳಲ್ಲಿ ಗಮನವು ತಾನಾಗಿಯೇ ಇರುತ್ತದೆ. ಪ್ರೀತಿ ಇನ್ನೂ ಹುಟ್ಟದಿರುವಲ್ಲಿ ಗಮನದಿಂದಲೇ ಅದಕ್ಕೆ ದಾರಿಯಾಗಬೇಕು. ಪೂಜೆಯ ಹೊತ್ತನ್ನು ಹಿಗ್ಗಿಸಬೇಕಾದುದಿಲ್ಲ. ಏರಿಸುವ ಒಂದೇ ಪತ್ರೆಯನ್ನಾದರೂ ನೋಡಿ ಏರಿಸಬೇಕು.

ಎರಡನೆಯ ಮೆಟ್ಟಿಲಾದ ಅನುಭಾವಕ್ಕೆ ಗದುಗಿನ ನೆರೆಯ ಲಕ್ಕುಂಡಿಯ ಅಜಗಣ್ಣನನ್ನು ನೆನೆಯಬೇಕು. ಅವನದು ಗುಪ್ತಭಕ್ತಿ. ಒಡಹುಟ್ಟಿದ ಮುಕ್ತಾಯಕ್ಕನ ಹೊರತು ಅದನ್ನು ಬಲ್ಲವರಿರಲಿಲ್ಲವೆನ್ನುವಷ್ಟು ಗುಪ್ತವಾದುದು. ಬರಿಯ ಕರ್ತವ್ಯಕ್ಕೆ ಕಾಣುವ ಕಣ್ಣು ಬೇಕು. ನೆರೆಯವರದಾಗಲಿ, ಗುರುವಿನದಾಗಲಿ, ಕಡೆಗೆ ಯಮನದಾಗಲಿ. ಲಿಂಗದಲ್ಲಿ ಸುಖವನ್ನು ಕಂಡವನಿಗೆ ಸಾಕ್ಷಿಯ ಹಂಗಿಲ್ಲ. ಬಾಗಿಲು ಹಾಕಿಕೊಂಡ ಮನೆಯಲ್ಲಿ ಪೂಜೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿ ತನ್ನ ಭಕ್ತಿಯು ಯಾವ ಮೆಟ್ಟಿಲಿನಲ್ಲಿದೆಯೆಂದು ಪ್ರತಿಯೊಬ್ಬನೂ ತಿಳಿಯಬಹುದು.

ಅಜಗಣ್ಣನು ಲಿಂಗೈಕ್ಯನಾದಾಗ ಮುಕ್ತಾಯಕ್ಕ ಅತ್ತಳು. ಲಿಂಗೈಕ್ಯನಾದವನಿಗಾಗಿ ಶೋಕಿಸಬಾರದೆಂಬ ವಿಧಿಯನ್ನು ಆಕೆ ಅರಿಯಳೆ? ಅರಿತೂ ಅತ್ತಳು. ಆನಂದಭಕ್ತಿಯೆಂದರೆ ಸದಾ ನಗುಮುಖದಲ್ಲಿರುವುದೆಂದು ಭ್ರಮಿಸುವವರು, ಸಾವಿನ ಮನೆಗೆ ಹೋಗಿ ಅಳಬೇಡಿರೆಂದು ಶಾಸ್ತ್ರವನ್ನು ಹೇಳುವವರು, ಶೂನ್ಯಸಂಪಾದನೆಯ ಈ ಭಾಗವನ್ನು ನಿಧಾನವಾಗಿ ಓದಬೇಕು. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಆಕೆಗೆ ಅಪ್ಪಣೆ ಕೊಡಿಸುವುದಿಲ್ಲ. ಯಾರಿಗಾಗಿ ಈ ಅಳಲು ಎಂದು ವಿಚಾರಿಸುತ್ತಾರೆ. ಆಕೆಯೂ ಸುಮ್ಮನೆ ತಲೆಬಾಗದೆ ಪ್ರಭುವಿನ ಮಾತನ್ನೇ ಪ್ರಶ್ನಿಸುತ್ತಾಳೆ. ಮಾತಿಗೆ ಮಾತು ಬೆಳೆದು, ಅಳುವು ಮೆಲ್ಲನೆ ಅರಿವಾಗಿ ಮಾರ್ಪಡುತ್ತದೆ. ಅಣ್ಣನ ಮೇಲಣ ಪ್ರೀತಿಯನ್ನು ಆಕೆ ಅದಕ್ಕಾಗಿ ಬಿಡಬೇಕಾಗಲಿಲ್ಲ. ಆಕೆಯ ವಚನಗಳ ಅಂಕಿತ ‘ಅಜಗಣ್ಣತಂದೆ’ ಎಂದೇ ಇದೆ.