ಊಟ ಬಲ್ಲವರು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಮನೆಯ ಹಿರಿಯರು ಇದನ್ನು ಸಾಮಾನ್ಯವಾಗಿ ಮಿತಿಮೀರಿ ಉಣ್ಣುವವರನ್ನು ಎಚ್ಚರಿಸಲು ಹೇಳುತ್ತಾರೆ. ಆದರೆ ಗಾದೆಯಲ್ಲಿರುವುದು ‘ಊಟ ಬಿಟ್ಟವನು’ ಎಂಬ ಮಾತಲ್ಲ. ‘ಊಟ ಬಲ್ಲವನು’ ಎಂಬ ಮಾತು. ದೇಹಕ್ಕೆ ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು ಎಂಬುದನ್ನು ಅರಿತು ಉಣ್ಣುವವನೇ ಊಟ ಬಲ್ಲವನು. ನಾಲಗೆಯ ಚಪಲಕ್ಕೆ ಸೋತು ಅತಿಯಾಗಿ ಉಣ್ಣುವವನು ಹೇಗೆ ಊಟವನ್ನು ಅರಿಯನೋ, ಅನ್ನಕ್ಕೆ ಅಂಜಿ ತಟ್ಟೆಯಿಂದ ದೂರ ಸರಿಯುವವನೂ ಹಾಗೆಯೇ ಊಟವನ್ನು ಅರಿಯನು. ಈ ಎರಡನೆಯ ಬಗೆಯವನನ್ನು ಗುರುತಿಸುವುದು ಮಾತ್ರ ಸುಲಭವಲ್ಲ. ಏಕೆಂದರೆ ಅವನ ವರ್ತನೆಯು ಹೊರನೋಟಕ್ಕೆ ಶಿಸ್ತಿನಂತೆಯೇ ತೋರುತ್ತದೆ.

ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆಂದು ಗದಗ-ಬೆಟಗೇರಿಗೆ ಬಂದಿರುವ ಇಬ್ಬರು ಬಾಲಕಿಯರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬಳು ಲಕ್ಷ್ಮೇಶ್ವರದವಳು, ಇನ್ನೊಬ್ಬಳು ಮುಂಡರಗಿಯವಳು. ಸಂಜೆಯ ಹೊತ್ತು; ಅಂಗಡಿಯ ಬಾಣಲೆಯಿಂದ ಆಗತಾನೆ ತೆಗೆದ ಮಿರ್ಚಿ ಭಜಿಯ ವಾಸನೆ ಬೀದಿಯನ್ನೆಲ್ಲ ತುಂಬಿದೆ. ಜೊತೆಗಾರ್ತಿಯರು ಗಿರಮಿಟ್ಟು, ಮಿರ್ಚಿಗಳನ್ನು ಕೊಂಡು ತಿನ್ನುತ್ತಿದ್ದಾರೆ. ಈ ಇಬ್ಬರು ಮಾತ್ರ ‘ನನಗೆ ಬೇಡ’ ಎನ್ನುತ್ತಾರೆ. ನೋಡಿದವರು ಇಬ್ಬರನ್ನೂ ಸಮನಾಗಿ ಮೆಚ್ಚಿಕೊಳ್ಳಬಹುದು. ಆದರೆ ಒಂದೇ ಮಾತನ್ನಾಡಿದ ಈ ಇಬ್ಬರ ಮನಸ್ಸುಗಳ ನಡುವೆ ಅಜಗಜಾಂತರವಿದೆ.

ಮೊದಲನೆಯವಳು ಮರುದಿನ ಬೆಳಗ್ಗೆ ಓಡಬೇಕಾಗಿದೆ. ಕರಿದ ಪದಾರ್ಥವನ್ನು ತಿಂದು ಓಡಿದರೆ ಹೊಟ್ಟೆ ಭಾರವಾಗುವುದೆಂದು ಅವಳು ಬಲ್ಲಳು. ಆದುದರಿಂದ ಊಟದ ಡಬ್ಬಿಯಲ್ಲಿ ತಂದ ರೊಟ್ಟಿ, ಪಲ್ಯ, ಮೊಸರುಗಳನ್ನು ಹೊಟ್ಟೆತುಂಬ ಉಂಡು ನಿಶ್ಚಿಂತೆಯಿಂದ ಮಲಗುತ್ತಾಳೆ. ಓಟ ಮುಗಿದ ಮೇಲೆ ಗೆಳತಿಯರೊಡನೆ ಕುಳಿತು ಮಿರ್ಚಿಯನ್ನು ತಿಂದು, ನಕ್ಕು, ಆ ಸಂಗತಿಯನ್ನು ಮರೆತುಬಿಡುತ್ತಾಳೆ. ಎರಡನೆಯವಳು ಕೆಲವು ತಿಂಗಳ ಹಿಂದೆ ಎಣ್ಣೆಯ ತಿನಿಸನ್ನು ಬಿಟ್ಟಳು. ಬಳಿಕ ಸಿಹಿಯನ್ನು ಬಿಟ್ಟಳು. ಆಮೇಲೆ ಅನ್ನವನ್ನು ಬಿಟ್ಟಳು. ಈಗ ಎರಡು ರೊಟ್ಟಿಯು ಅರ್ಧಕ್ಕೆ ಇಳಿದಿದೆ. ‘ಉಂಡೀಯೇನವ್ವ?’ ಎಂದು ತಾಯಿ ಕೇಳಿದರೆ ‘ಸಾಲ್ಯಾಗ ಉಂಡೇನಿ’ ಎನ್ನುತ್ತಾಳೆ. ಶಾಲೆಯಲ್ಲಿ ಕೇಳಿದರೆ ಮನೆಯಲ್ಲಿ ಉಂಡೆನೆನ್ನುತ್ತಾಳೆ. ಒಂದು ತುತ್ತು ಹೆಚ್ಚಾದರೆ ರಾತ್ರಿ ನಿದ್ರೆ ಬಾರದು. ಮನೆಯಲ್ಲಿ ಹಬ್ಬ ಬಂದರೆ ಸಂತೋಷವಾಗದೆ ದಿಗಿಲಾಗುತ್ತದೆ. ಮೊದಲನೆಯವಳ ‘ಬೇಡ’ ಎಂಬ ಮಾತಿಗೆ ಒಂದು ಕಾರಣವೂ ಒಂದು ಕೊನೆಯೂ ಉಂಟು. ಎರಡನೆಯವಳ ‘ಬೇಡ’ ಎಂಬ ಮಾತಿಗೆ ಕೊನೆಯೇ ಇಲ್ಲ. ಮೊದಲನೆಯದು ಊಟದ ಶಿಸ್ತು. ಎರಡನೆಯದು ಊಟದ ವ್ಯಾಧಿ.

ಊಟದ ಶಿಸ್ತು ಎಂಬುದು ಈ ಸೀಮೆಗೆ ಹೊಸದಲ್ಲ. ಎರೆಭೂಮಿಯ ಒಕ್ಕಲುತನವೇ ಇಲ್ಲಿನ ಜನರಿಗೆ ಸಮತೂಕದ ಊಟವನ್ನು ಕಲಿಸಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ, ಮೊಸರು, ಜೊತೆಗೆ ಹಸಿ ಮೆಂತ್ಯದ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ: ಇವು ಒಕ್ಕಲಿಗನ ಬುತ್ತಿಯಲ್ಲಿ ದಿನವೂ ಕಾಣುವ ಪದಾರ್ಥಗಳು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದ್ದರೆ, ಅಷ್ಟೇ ತೂಕದ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏಕದಳ ಧಾನ್ಯದ ಸಸಾರಜನಕದಲ್ಲಿರುವ ಕೊರತೆಯನ್ನು ದ್ವಿದಳ ಧಾನ್ಯವು ತುಂಬಿಕೊಡುತ್ತದೆ. ಶೇಂಗಾ, ಅಗಸಿಗಳಲ್ಲಿರುವ ಎಣ್ಣೆಯೂ ದೇಹಕ್ಕೆ ಬೇಕಾದುದೇ. ಈ ಊಟದಲ್ಲಿ ಯಾವ ಪದಾರ್ಥಕ್ಕೂ ವಿಷವೆಂಬ ಹೆಸರಿಲ್ಲ; ಎಲ್ಲಕ್ಕೂ ಅದರದರ ಸ್ಥಾನವಿದೆ.

ಉಪವಾಸವೂ ಈ ನಾಡಿಗೆ ಪರಿಚಿತವಾದುದೇ. ಪ್ರಾಚೀನ ಪುಲಿಗೆರೆಯಾದ ಲಕ್ಷ್ಮೇಶ್ವರದಲ್ಲಿ ಶಂಖ ಬಸದಿಯಿದೆ. ಹಸಿವು ಪೂರ್ಣವಾಗಿ ತೀರುವ ಮೊದಲೇ ಕೈತೊಳೆಯುವುದನ್ನು ಜೈನಧರ್ಮವು ತಪಸ್ಸಿನ ಒಂದು ಬಗೆಯೆಂದು ಎಣಿಸುತ್ತದೆ. ಹಿಂದೂ ಮುಸಲ್ಮಾನರಿಬ್ಬರೂ ಭಕ್ತಿಯಿಂದ ನಡೆದುಕೊಳ್ಳುವ ಫಕೀರೇಶ್ವರ ಮಠವಿರುವ ಶಿರಹಟ್ಟಿಯಲ್ಲಿ ಶ್ರಾವಣ ಸೋಮವಾರದ ಉಪವಾಸವೂ ಉಂಟು, ರಂಜಾನ್ ತಿಂಗಳ ಉಪವಾಸವೂ ಉಂಟು. ಈ ವ್ರತಗಳೆಲ್ಲಕ್ಕೂ ಸಮಾನವಾದ ಕೆಲವು ಲಕ್ಷಣಗಳಿವೆ. ಅವುಗಳಿಗೆ ಆರಂಭದ ಹೊತ್ತೂ ಮುಕ್ತಾಯದ ಹೊತ್ತೂ ನಿಶ್ಚಿತವಾಗಿವೆ. ಅವು ಬಚ್ಚಿಟ್ಟುಕೊಂಡು ಮಾಡುವ ಕಾರ್ಯಗಳಲ್ಲ. ಮನೆಯವರಿಗೆಲ್ಲ ತಿಳಿದೇ ನಡೆಯುತ್ತವೆ. ರೋಗಿಗಳಿಗೂ ಪ್ರಯಾಣಿಕರಿಗೂ ರಂಜಾನಿನ ಉಪವಾಸದಿಂದ ವಿನಾಯಿತಿಯುಂಟು. ಏಕಾದಶಿಯಂದು ಬಾಲಕರನ್ನೂ ವೃದ್ಧರನ್ನೂ ಉಪವಾಸಕ್ಕೆ ಒತ್ತಾಯಿಸುವ ರೂಢಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಪವಾಸವು ಮುಗಿಯುವುದು ಊಟದಲ್ಲಿ. ಆ ಊಟವನ್ನು ಜನರು ಕೂಡಿ, ಹರ್ಷದಿಂದ ಮಾಡುತ್ತಾರೆ.

ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ ಮಠ. ಅದೇ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಕಾಲದಲ್ಲಿ ರೊಟ್ಟಿ ಜಾತ್ರೆ ನಡೆಯುತ್ತದೆ. ಜಾತಿಮತಗಳ ಭೇದವಿಲ್ಲದೆ ಜನರು ಒಟ್ಟಾಗಿ ಕುಳಿತು ರೊಟ್ಟಿ, ಪಲ್ಯ, ಹಿಂಡಿಗಳನ್ನು ಉಣ್ಣುತ್ತಾರೆ. ಶಿಸ್ತಿನಿಂದ ಉಣ್ಣುವವನು ಅಂಥ ಪಂಕ್ತಿಯಲ್ಲಿ ನೆಮ್ಮದಿಯಾಗಿ ಕುಳಿತು, ತನಗೆ ಸಾಕಾದಷ್ಟನ್ನು ಉಂಡು ಏಳಬಲ್ಲನು. ಊಟದ ವ್ಯಾಧಿಗೆ ತುತ್ತಾದವನಿಗಾದರೋ ಆ ಪಂಕ್ತಿಯೇ ಭಯದ ಸ್ಥಾನವಾಗುತ್ತದೆ. ಏನಾದರೊಂದು ನೆವವನ್ನು ಹೇಳಿ ಅವನು ಜಾತ್ರೆಯಿಂದಲೇ ದೂರ ಉಳಿಯುತ್ತಾನೆ.

ದೇಹದಂಡನೆಯೇ ಸಂಯಮವಲ್ಲವೆಂಬುದನ್ನು ಸಿದ್ಧಾರ್ಥನು ಸ್ವಾನುಭವದಿಂದ ಕಂಡುಕೊಂಡನು. ಆರು ವರ್ಷಗಳ ಕಠೋರ ತಪಸ್ಸಿನಲ್ಲಿ ಆಹಾರವನ್ನು ಕಡಿಮೆಮಾಡುತ್ತ ಹೋಗಿ ಅವನು ಅಸ್ಥಿಪಂಜರದಂತಾದನು. ಆದರೂ ಅರಸಿದ ಜ್ಞಾನವು ದೊರೆಯಲಿಲ್ಲ. ಕೊನೆಗೆ ಸುಜಾತೆ ನೀಡಿದ ಹಾಲುಪಾಯಸವನ್ನು ಸ್ವೀಕರಿಸಿ, ಚೇತರಿಸಿಕೊಂಡು, ಧ್ಯಾನಕ್ಕೆ ಕುಳಿತನು. ಅವನು ಮುಂದೆ ಬೋಧಿಸಿದ್ದು ಭೋಗ ಮತ್ತು ದಂಡನೆಗಳೆರಡನ್ನೂ ತೊರೆದ ಮಧ್ಯಮ ಮಾರ್ಗವನ್ನು.

ಆಹಾರವನ್ನು ಬಿಡುವುದು ಒಂದು ವ್ಯಾಧಿಯಾಗಬಲ್ಲುದೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. 1873-74ರ ಸುಮಾರಿಗೆ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಎಂಬ ವೈದ್ಯರು, ಬೇರಾವ ರೋಗವೂ ಇಲ್ಲದೆ ಉಣ್ಣುವುದನ್ನು ಬಿಟ್ಟು ಕೃಶರಾಗುತ್ತಿದ್ದ ತರುಣಿಯರ ಸ್ಥಿತಿಯನ್ನು ವಿವರಿಸಿದರು. ಇದಕ್ಕೆ ಗಲ್ ಕೊಟ್ಟ ಹೆಸರು ‘ಅನೊರೆಕ್ಸಿಯ ನರ್ವೋಸ’. ಮಿತಿಮೀರಿ ತಿಂದು, ಅನಂತರ ಪಶ್ಚಾತ್ತಾಪಪಟ್ಟು ದೇಹವನ್ನು ಹಿಂಸಿಸಿಕೊಳ್ಳುವ ಮತ್ತೊಂದು ವ್ಯಾಧಿಗೆ ಜೆರಾಲ್ಡ್ ರಸೆಲ್ ಎಂಬ ವೈದ್ಯರು 1979ರಲ್ಲಿ ‘ಬುಲಿಮಿಯ ನರ್ವೋಸ’ ಎಂದು ಹೆಸರಿಟ್ಟರು. 1997ರಲ್ಲಿ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ ‘ಆರ್ಥೊರೆಕ್ಸಿಯ’ ಎಂಬ ಪದವನ್ನು ಬಳಕೆಗೆ ತಂದರು. ಶುದ್ಧವಾದುದನ್ನೇ, ಆರೋಗ್ಯಕರವಾದುದನ್ನೇ ತಿನ್ನಬೇಕೆಂಬ ಹಂಬಲವು ಅತಿರೇಕಕ್ಕೆ ಹೋಗಿ, ಆ ಹಂಬಲವೇ ಆರೋಗ್ಯವನ್ನು ಕೆಡಿಸುವ ಸ್ಥಿತಿಯಿದು. ಒಂದು ಕಾಲದಲ್ಲಿ ತಮ್ಮಲ್ಲಿಯೇ ಇಂಥ ಹಂಬಲವಿದ್ದುದನ್ನು ಅವರು ಒಪ್ಪಿಕೊಂಡಿದ್ದಾರೆ. ವೈದ್ಯಕೀಯದ ಅಧಿಕೃತ ರೋಗಪಟ್ಟಿಗಳಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲದಿದ್ದರೂ ಆ ಎಚ್ಚರಿಕೆಯು ಗಮನಾರ್ಹವಾದುದು.

ಹಸಿವು ದೇಹವನ್ನಷ್ಟೇ ಅಲ್ಲದೆ ಮನಸ್ಸನ್ನೂ ಬದಲಿಸುವುದೆಂಬುದಕ್ಕೆ ಪ್ರಸಿದ್ಧವಾದೊಂದು ಪ್ರಯೋಗವು ಸಾಕ್ಷಿಯಾಗಿದೆ. ಎರಡನೆಯ ಮಹಾಯುದ್ಧದಿಂದ ಹಸಿದು ಕಂಗಾಲಾದ ಜನರನ್ನು ಹೇಗೆ ಉಪಚರಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 1944-45ರಲ್ಲಿ ಈ ಪ್ರಯೋಗವನ್ನು ನಡೆಸಿದನು. ಯುದ್ಧದಲ್ಲಿ ಕೊಲ್ಲಲೊಪ್ಪದ 36 ಮಂದಿ ಆರೋಗ್ಯವಂತ ತರುಣರು ಸ್ವಇಚ್ಛೆಯಿಂದ ಇದಕ್ಕೆ ಮುಂದೆ ಬಂದರು. 24 ವಾರಗಳ ಕಾಲ ಅವರಿಗೆ ಮೊದಲಿನ ಅರ್ಧದಷ್ಟೇ ಆಹಾರವನ್ನು ಕೊಡಲಾಯಿತು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಆಶ್ಚರ್ಯಕರವಾದುದು ಅವರ ಮನಸ್ಸಿನ ಮಾರ್ಪಾಡು. ನಗುನಗುತ್ತಿದ್ದವರು ಸಿಡುಕರಾದರು, ಸ್ನೇಹಪರರಾಗಿದ್ದವರು ಏಕಾಂತವನ್ನು ಅರಸಿದರು. ಹಗಲಿರುಳೂ ಆಹಾರದ್ದೇ ಚಿಂತೆ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಮತ್ತೆ ಊಟ ದೊರೆತ ಮೇಲೆಯೂ ಅವರು ಮೊದಲಿನಂತಾಗಲು ಬಹುಕಾಲ ಬೇಕಾಯಿತು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಹಳ ದಿನ ಅರೆಹೊಟ್ಟೆಯಲ್ಲಿದ್ದರೆ ಮನಸ್ಸಿನ ಸ್ಥಿತಿಯೇ ಬದಲಾಗುತ್ತದೆ. ಊಟದ ವ್ಯಾಧಿಯುಳ್ಳವರನ್ನು ‘ಹಟಮಾರಿ’ ಎಂದು ಗದರಿಸಿ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಚಿಕಿತ್ಸೆ.

ಹದಿಹರೆಯದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯಕ. ಎತ್ತರವು ಹೆಚ್ಚುವುದೂ ಮೂಳೆಗಳು ಗಟ್ಟಿಯಾಗುವುದೂ ರಕ್ತದ ಪ್ರಮಾಣವು ಏರುವುದೂ ಈ ವಯಸ್ಸಿನಲ್ಲಿಯೇ. ‘ಒಂದು ಹೊತ್ತು ಉಂಡವ ಯೋಗಿ’ ಎಂಬ ಗಾದೆಯು ಬೆಳೆಯುವ ಮಕ್ಕಳಿಗಾಗಿ ಹುಟ್ಟಿದುದಲ್ಲ. ಈ ಕಾಲದಲ್ಲಿ ಆಹಾರವು ಕಡಿಮೆಯಾದರೆ ತಲೆಸುತ್ತು, ಸದಾ ಚಳಿ, ಕೂದಲುದುರುವಿಕೆ, ಹೃದಯದ ಬಡಿತದ ಮಂದಗತಿ ಮುಂತಾದ ತೊಂದರೆಗಳು ಕಾಣಿಸಿಕೊಳ್ಳಬಹುದು. ಬಾಲಕಿಯರಲ್ಲಿ ಮುಟ್ಟು ನಿಲ್ಲಬಹುದು. ಮೂಳೆಗಳು ಜೀವಮಾನಪರ್ಯಂತ ದುರ್ಬಲವಾಗಿ ಉಳಿಯಬಹುದು. ವ್ಯಾಧಿಯು ತೀವ್ರವಾದರೆ ಪ್ರಾಣಕ್ಕೇ ಅಪಾಯವುಂಟು. ಇದು ಬಾಲಕಿಯರಿಗೆ ಮಾತ್ರ ಬರುವ ವ್ಯಾಧಿಯೂ ಅಲ್ಲ. ಮೈಕಟ್ಟಿನ ಹುಚ್ಚಿಗೆ ಬಿದ್ದ ಬಾಲಕರೂ ಇದಕ್ಕೆ ತುತ್ತಾಗುವುದುಂಟು.

ಹಾಗಾದರೆ ಶಿಸ್ತನ್ನೂ ವ್ಯಾಧಿಯನ್ನೂ ಬೇರ್ಪಡಿಸಿ ತಿಳಿಯುವ ಬಗೆ ಯಾವುದು? ತಟ್ಟೆಯಲ್ಲಿರುವ ರೊಟ್ಟಿಗಳನ್ನು ಎಣಿಸಿದರೆ ಉತ್ತರ ದೊರೆಯದು. ಮೈಯ ಗಾತ್ರವನ್ನು ನೋಡಿಯೂ ನಿರ್ಣಯಿಸಲಾಗದು. ತೆಳ್ಳಗಿರುವವರೆಲ್ಲ ರೋಗಿಗಳಲ್ಲ, ದಷ್ಟಪುಷ್ಟರಾಗಿ ಕಾಣುವವರೂ ಈ ವ್ಯಾಧಿಯಿಂದ ನರಳುತ್ತಿರಬಹುದು. ಕೇಳಬೇಕಾದ ಪ್ರಶ್ನೆಗಳು ಬೇರೆ. ನಿಯಮವು ಒಂದು ದಿನ ತಪ್ಪಿದರೆ ಮನಸ್ಸು ಅದನ್ನು ಸಹಜವೆಂದು ಬಿಡುತ್ತದೆಯೋ, ಮಹಾಪರಾಧವೆಂದು ಕೊರಗುತ್ತದೆಯೋ? ಊಟದ ವಿಷಯವು ಮನೆಯವರೆದುರು ಬಿಚ್ಚಿ ಹೇಳುವಂತಿದೆಯೋ, ಮುಚ್ಚಿಡುವಂತಿದೆಯೋ? ಊಟದ ಹೊತ್ತು ಕಳೆದ ಮೇಲೆ ಮನಸ್ಸು ಓದು, ಆಟ, ಕೆಲಸಗಳಿಗೆ ಮರಳುತ್ತದೆಯೋ, ದಿನವಿಡೀ ಆಹಾರದ ಲೆಕ್ಕದಲ್ಲಿಯೇ ಮುಳುಗಿರುತ್ತದೆಯೋ? ಮೈಯಲ್ಲಿ ಕಸುವು ಹೆಚ್ಚುತ್ತಿದೆಯೋ, ಕುಗ್ಗುತ್ತಿದೆಯೋ? ಬಿಡುವ ಪದಾರ್ಥಗಳ ಪಟ್ಟಿ ಒಂದೆಡೆ ನಿಂತಿದೆಯೋ, ಬೆಳೆಯುತ್ತಲೇ ಇದೆಯೋ? ಸಕ್ಕರೆ ಕಾಯಿಲೆಯುಳ್ಳವರು ವೈದ್ಯರ ಸಲಹೆಯಂತೆ ಪಥ್ಯವಿರುವುದು ಬದುಕನ್ನು ಉಳಿಸಿಕೊಳ್ಳುವುದಕ್ಕಾಗಿ. ಕುಸ್ತಿಪಟುವಿನ ನೇಮವು ಕಣದಲ್ಲಿ ಗೆಲ್ಲುವುದಕ್ಕಾಗಿ. ಅಲ್ಲಿ ನಿಯಮವು ಸೇವಕ, ಮನುಷ್ಯನು ಒಡೆಯ. ವ್ಯಾಧಿಯಲ್ಲಿ ನಿಯಮವೇ ಒಡೆಯನಾಗಿ ಮನುಷ್ಯನು ಅದರ ಆಳಾಗುತ್ತಾನೆ.

ಇಂಥ ಲಕ್ಷಣಗಳು ತನ್ನಲ್ಲಿಯೋ ಗೆಳೆಯರಲ್ಲಿಯೋ ಕಂಡರೆ ನಾಚಿಕೆಪಡಬೇಕಾಗಿಲ್ಲ. ತಾಯಿತಂದೆಯರಿಗೋ ನಂಬಿಕೆಯ ಶಿಕ್ಷಕರಿಗೋ ತಿಳಿಸಿ, ತಡಮಾಡದೆ ವೈದ್ಯರನ್ನು ಕಾಣಬೇಕು. ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಸಮೀಪದ ಧಾರವಾಡದಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಮೀಸಲಾದ ಸಂಸ್ಥೆಯಿದೆ. 2022ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ಉಚಿತವಾಗಿ ದೂರವಾಣಿ ಮಾಡಬಹುದು. ಬೇಗನೆ ಗುರುತಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಗಾದೆಯ ಉತ್ತರಾರ್ಧವನ್ನು ಇಲ್ಲಿ ಮರೆಯಲಾಗದು. ‘ಡುಮ್ಮಿ’, ‘ಕಡ್ಡಿ’ ಎಂದು ತರಗತಿಯಲ್ಲಿ ನಗುತ್ತ ಆಡಿದ ಒಂದು ಮಾತು ಆಡಿದವರಿಗೆ ಮರೆತುಹೋಗುತ್ತದೆ. ಕೇಳಿದವರ ತಟ್ಟೆಯ ಮುಂದೆ ಅದು ದಿನವೂ ಬಂದು ಕೂರುತ್ತದೆ. ಅನೇಕರ ಊಟ ಕೆಡುವುದು ಇಂಥ ಮಾತಿನಿಂದಲೇ. ಹಾಗೆಯೇ, ‘ಬಾ, ಕೂಡಿ ಉಣ್ಣೋಣ’ ಎಂದು ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟ ಗೆಳತಿಯೊಬ್ಬಳಿಂದ ಮನಸ್ಸಿನ ಗಂಟು ಸಡಿಲಗೊಳ್ಳುವುದೂ ಉಂಟು. ಊಟ ಬಲ್ಲವರು ಮಾತನ್ನೂ ಬಲ್ಲವರಾಗಬೇಕು.

ಪದಗಳ ಅರ್ಥ
ಅಜಗಜಾಂತರ – ಬಹಳ ದೊಡ್ಡ ವ್ಯತ್ಯಾಸ
ಎರೆಭೂಮಿ – ಕಪ್ಪು ಮಣ್ಣಿನ ಹೊಲ
ಸಸಾರಜನಕ – ದೇಹದ ಬೆಳವಣಿಗೆಗೆ ಬೇಕಾದ ಆಹಾರಾಂಶ, ಪ್ರೋಟೀನು
ಕೃಶ – ಬಡಕಲಾದ
ಪಥ್ಯ – ರೋಗಿಗೆ ಹಿತವಾದ ಆಹಾರದ ನಿಯಮ

ಅಭ್ಯಾಸ
ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ರೊಟ್ಟಿ ಜಾತ್ರೆಯು ಎಲ್ಲಿ ನಡೆಯುತ್ತದೆ?
2. ಸಿದ್ಧಾರ್ಥನು ಬೋಧಿಸಿದ ಮಾರ್ಗ ಯಾವುದು?
ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕ್ರೀಡಾಕೂಟಕ್ಕೆ ಬಂದ ಇಬ್ಬರು ಬಾಲಕಿಯರ ‘ಬೇಡ’ ಎಂಬ ಮಾತುಗಳಿಗಿರುವ ಅಂತರವೇನು?
2. ವ್ರತದ ಉಪವಾಸಕ್ಕೂ ಊಟದ ವ್ಯಾಧಿಗೂ ಇರುವ ವ್ಯತ್ಯಾಸಗಳಾವುವು?
3. ಮಿನೆಸೋಟದ ಪ್ರಯೋಗದಿಂದ ತಿಳಿದುಬಂದ ಸಂಗತಿಯೇನು?
ಇ. ಸಂದರ್ಭದೊಡನೆ ವಿವರಿಸಿರಿ.
1. ‘ನಿಯಮವು ಸೇವಕ, ಮನುಷ್ಯನು ಒಡೆಯ.’
2. ‘ಕೇಳಿದವರ ತಟ್ಟೆಯ ಮುಂದೆ ಅದು ದಿನವೂ ಬಂದು ಕೂರುತ್ತದೆ.’
ಈ. ನಿಮ್ಮ ಮನೆಯ ಒಂದು ದಿನದ ಊಟದಲ್ಲಿ ಯಾವ ಯಾವ ಧಾನ್ಯ, ಕಾಳು, ಸೊಪ್ಪುಗಳಿರುತ್ತವೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.