ಉಸ್ತುವಾರಿ ಏಜೆಂಟ್ ತಂತ್ರಾಂಶ: ಸಣ್ಣ ಉದ್ದಿಮೆಗಳಿಗೆ ಅದರ ಉಪಯೋಗ ಮತ್ತು ಎಚ್ಚರಿಕೆಗಳು

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಗೇರುಬೀಜ ಕಾರ್ಖಾನೆ, ಅಕ್ಕಿ ಗಿರಣಿ, ಐಸ್ ಪ್ಲಾಂಟ್ ಮತ್ತು ಸಗಟು ಅಂಗಡಿಗಳಲ್ಲಿ ಲೆಕ್ಕಪತ್ರವೆಂದರೆ ಇಂದು ಬಹುಮಟ್ಟಿಗೆ ಗಣಕಯಂತ್ರದ ಲೆಕ್ಕಪತ್ರವೇ ಆಗಿದೆ. ಹಿಂದೆ ಖಾತೆ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತಿತ್ತು. ಹಾರ್ಡ್ ಡಿಸ್ಕ್ ತುಂಬಿ ರಾತ್ರಿಯ ಬ್ಯಾಕಪ್ ನಿಂತುಹೋದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲ ಒಂದು ಬಗೆಯ ತಂತ್ರಾಂಶದ ಪರಿಚಯವನ್ನು ಸದಸ್ಯರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಒಂದು ಗೇರುಬೀಜ ಕಾರ್ಖಾನೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಚೇರಿಯಲ್ಲಿ ಒಂದು ಸರ್ವರ್, ಮೂರು ಗಣಕಯಂತ್ರಗಳು. ಪ್ರತಿ ರಾತ್ರಿ 10 ಗಂಟೆಗೆ ಟ್ಯಾಲಿಯ ಬ್ಯಾಕಪ್ ಹೊರಗಿನ ಡಿಸ್ಕಿಗೆ ತಾನಾಗಿಯೇ ಹೋಗುವ ವ್ಯವಸ್ಥೆಯಿದೆ. ಫೆಬ್ರವರಿಯಲ್ಲಿ ಆ ಡಿಸ್ಕ್ ತುಂಬಿತು, ಬ್ಯಾಕಪ್ ನಿಂತಿತು. ಮೇ ತಿಂಗಳ ಗುಡುಗು ಸಿಡಿಲಿಗೆ ಸರ್ವರ್ ಸುಟ್ಟಿತು. ಹೋದದ್ದು ಮೂರು ತಿಂಗಳ ಲೆಕ್ಕ, ಅದರಲ್ಲಿ ವರ್ಷಾಂತ್ಯದ ಮಾರ್ಚ್ ಕೂಡ ಸೇರಿದೆ. ಮಾರಾಟದ ವಿವರವನ್ನು ಜಿಎಸ್‌ಟಿ ಜಾಲತಾಣದಲ್ಲಿ ಸಲ್ಲಿಸಿದ ನಮೂನೆಗಳಿಂದ ಮರಳಿ ಪಡೆಯಬಹುದು, ಖರೀದಿಯನ್ನೂ ಹೆಚ್ಚುಕಡಿಮೆ ಕೂಡಿಸಬಹುದು. ಆದರೆ ನಗದು ಪುಸ್ತಕ, ಕೂಲಿ ಬಟವಾಡೆ, ಲಾಟುವಾರು ಕಚ್ಚಾ ಬೀಜದ ದಾಸ್ತಾನು, ಒಂದು ಮೂಟೆಗೆ ಎಷ್ಟು ತಿರುಳು ಬಂತೆಂಬ ಲೆಕ್ಕ, ಇವು ಯಾವ ಸರಕಾರಿ ಜಾಲತಾಣದಲ್ಲಿಯೂ ಇರುವುದಿಲ್ಲ. ಬ್ಯಾಂಕಿನ ಸಾಲದ ಮಿತಿ ನವೀಕರಣಕ್ಕೆ ಬೇಕಾಗುವುದೂ ಇವೇ.

ಕಾನೂನಿನ ದೃಷ್ಟಿಯಿಂದಲೂ ಇದು ಲಘುವಾದ ವಿಷಯವಲ್ಲ. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೂ ಸಮಂಜಸವಾದ ಅವಧಿಯೊಳಗೆ ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇರತಕ್ಕದ್ದೆಂದು ಜಿಎಸ್‌ಟಿ ನಿಯಮ 57 ವಿಧಿಸುತ್ತದೆ. ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾದಿರಿಸಬೇಕು. ಪ್ರೈವೇಟ್ ಲಿಮಿಟೆಡ್ ಸಂಸ್ಥೆಗಳಿಗೆ ಹೊಣೆ ಇನ್ನೂ ಹೆಚ್ಚು: 2022ರ ಆಗಸ್ಟ್ ತಿದ್ದುಪಡಿಯ ನಂತರ, ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಬ್ಯಾಕಪ್ ಇರಬೇಕು. ಇಲ್ಲವಾದಲ್ಲಿ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದನ್ನು ಕಾಣಿಸಬೇಕಾಗುತ್ತದೆ. "ಬ್ಯಾಕಪ್ ಆಗುತ್ತಿದೆ ಸಾರ್" ಎಂಬ ಬಾಯಿಮಾತು ಪುರಾವೆಯಾಗುವುದಿಲ್ಲ.

ಏಜೆಂಟ್ ಎಂದೊಡನೆ ನಮ್ಮ ವ್ಯಾಪಾರಿಗಳಿಗೆ ಕಮಿಷನ್ ನೆನಪಾಗುವುದು ಸಹಜ. ಇಲ್ಲಿ ಏಜೆಂಟ್ ಎಂದರೆ ಪ್ರತಿಯೊಂದು ಗಣಕಯಂತ್ರದಲ್ಲಿ ಸದ್ದಿಲ್ಲದೆ ಕುಳಿತು ಅದರ ಸ್ಥಿತಿಗತಿಯನ್ನು ಕೇಂದ್ರ ಸರ್ವರಿಗೆ ವರದಿ ಮಾಡುವ ಪುಟ್ಟ ತಂತ್ರಾಂಶ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಮೆಮೊರಿ ಎಷ್ಟು ಬಳಕೆಯಾಗಿದೆ, ಇಂತಿಂಥ ಸೇವೆ ನಡೆಯುತ್ತಿದೆಯೇ, ಇವು ಅದರ ಸಾಮಾನ್ಯ ಪ್ರಶ್ನೆಗಳು. ಜಾಲದ ಯಂತ್ರಗಳನ್ನು ವಿಚಾರಿಸಲು ಎಸ್‌ಎನ್‌ಎಂಪಿ ಎಂಬ ಸಾಮಾನ್ಯ ಕ್ರಮವೊಂದು 1988ರಲ್ಲಿಯೇ ರೂಪುಗೊಂಡಿತು. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ನಾಗಿಯೋಸ್ ಎನಿಸಿದ ತಂತ್ರಾಂಶ, ಲಾಟ್ವಿಯಾ ದೇಶದ ಅಲೆಕ್ಸೀ ವ್ಲಾಡಿಶೇವ್ ಅವರು ರಚಿಸಿ 2001ರಲ್ಲಿ ಹೊರತಂದ ಜ್ಯಾಬಿಕ್ಸ್, ಇವೆರಡೂ ಮುಕ್ತ ತಂತ್ರಾಂಶಗಳು, ಪರವಾನಗಿ ಶುಲ್ಕವಿಲ್ಲ. ಹಣ ಕೊಟ್ಟು ಕೊಳ್ಳುವವರಿಗೆ ಚೆನ್ನೈಯ ಜೋಹೋ ಸಂಸ್ಥೆಯ ಮ್ಯಾನೇಜ್‌ಎಂಜಿನ್ ಮುಂತಾದವು ಇವೆ.

ಇವುಗಳ ನಿಜವಾದ ಬೆಲೆ ಇರುವುದು ವಿಸ್ತರಿಸಬಹುದಾದ ಗುಣದಲ್ಲಿ. ತಯಾರಕರು ಬರೆದಿಟ್ಟ ಪ್ರಶ್ನೆಗಳಿಗೆ ನಾವು ನಮ್ಮ ಪ್ರಶ್ನೆಯನ್ನು ಸೇರಿಸಬಹುದು. ಜ್ಯಾಬಿಕ್ಸಿನಲ್ಲಿ ಇದಕ್ಕೆ ಯೂಸರ್ ಪ್ಯಾರಾಮೀಟರ್ ಎನ್ನುತ್ತಾರೆ. ನಾಗಿಯೋಸಿನ ಕ್ರಮವಂತೂ ಲೆಕ್ಕಿಗರಿಗೆ ಮೆಚ್ಚಿಗೆಯಾಗುವಷ್ಟು ಸರಳ: ನಾಲ್ಕೈದು ಸಾಲಿನ ಸಣ್ಣ ಪ್ರೋಗ್ರಾಂ ಬರೆಯುವುದು, ಎಲ್ಲವೂ ಸರಿಯಿದ್ದರೆ ಅದು 0 ಎಂಬ ಸಂಖ್ಯೆಯನ್ನು ಕೊಡುತ್ತದೆ, ಎಚ್ಚರಿಕೆಗೆ 1, ಅಪಾಯಕ್ಕೆ 2, ಏನೂ ತಿಳಿಯದಿದ್ದರೆ 3. ಈ 3 ಬಹಳ ಪ್ರಾಮಾಣಿಕವಾದ ಉತ್ತರ. ತಿಳಿಯದಿರುವುದನ್ನು ಸರಿಯಿದೆ ಎಂದು ಬರೆದುಕೊಳ್ಳುವ ಅಭ್ಯಾಸ ಮನುಷ್ಯರಲ್ಲಿಯೇ ಹೆಚ್ಚು.

ನಮ್ಮ ಕಾರ್ಖಾನೆಗೆ ಬೇಕಾದ ಪ್ರಶ್ನೆ ಯಾವುದು? "ಕೊನೆಯ ಬ್ಯಾಕಪ್ ಕಡತಕ್ಕೆ ಎಷ್ಟು ಗಂಟೆ ವಯಸ್ಸಾಗಿದೆ?" 26 ಗಂಟೆ ಮೀರಿದರೆ ಎಚ್ಚರಿಕೆ, 50 ಮೀರಿದರೆ ಅಪಾಯ. ಇಷ್ಟು ಸಾಲದು. ಡಿಸ್ಕ್ ತುಂಬಿದಾಗ ಕೆಲವೊಮ್ಮೆ ಇಂದಿನ ದಿನಾಂಕವುಳ್ಳ, ಒಳಗೇನೂ ಇಲ್ಲದ ಕಡತ ಸೃಷ್ಟಿಯಾಗುವುದುಂಟು. ಆದ್ದರಿಂದ "ಅದರ ಗಾತ್ರ ನಿನ್ನೆಯದಕ್ಕಿಂತ ತೀರ ಕಡಿಮೆಯೇ?" ಎಂಬ ಎರಡನೆಯ ಪ್ರಶ್ನೆಯೂ ಬೇಕು. ಇವೆರಡು ಇದ್ದಿದ್ದರೆ ಮೇಲಿನ ಉದಾಹರಣೆಯಲ್ಲಿ ಫೆಬ್ರವರಿಯಲ್ಲಿಯೇ ಮಾಲೀಕರ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ಇದೇ ರೀತಿ ಯುಪಿಎಸ್ ಬ್ಯಾಟರಿಯ ಮಟ್ಟ, ಶೀತಲ ಕೋಣೆಯ ಉಷ್ಣತೆಯನ್ನು ಅಳೆಯುವ ಸಾಧನದ ಅಂಕಿ ಇವನ್ನೂ ಏಜೆಂಟ್ ಮೂಲಕ ಓದಿಸಬಹುದು. ಗಂಗೊಳ್ಳಿಯ ಮೀನು ವ್ಯಾಪಾರದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಏಜೆಂಟ್ ಕೆಲಸ ಮಾಡುವ ಬಗೆ ಎರಡು. ಸರ್ವರ್ ಕೇಳಿದಾಗ ಉತ್ತರಿಸುವುದು ಒಂದು. ತಾನಾಗಿಯೇ ಕಳುಹಿಸುವುದು ಇನ್ನೊಂದು. ಕುಂದಾಪುರದಲ್ಲಿ ಅಂಗಡಿ, ಬೈಂದೂರಿನಲ್ಲಿ ಶಾಖೆ, ಶಾಖೆಯ ಬ್ರಾಡ್‌ಬ್ಯಾಂಡಿಗೆ ಸ್ಥಿರ ವಿಳಾಸವಿಲ್ಲ ಎಂಬ ಸಂದರ್ಭದಲ್ಲಿ ಎರಡನೆಯದೇ ಅನುಕೂಲ. ಆಗ ಮೌನವನ್ನೂ ಸುದ್ದಿಯೆಂದು ಎಣಿಸುವಂತೆ ಹೊಂದಿಸಬೇಕು: 15 ನಿಮಿಷ ವರದಿ ಬಾರದಿದ್ದರೆ ಎಚ್ಚರಿಕೆ. ಕೇಂದ್ರ ಸರ್ವರನ್ನು ಅದೇ ಕಟ್ಟಡದಲ್ಲಿ, ಅದೇ ಯುಪಿಎಸ್ ಮೇಲೆ ಇಡುವುದು ವ್ಯರ್ಥ. ಮಳೆಗಾಲದ ರಾತ್ರಿ ಕರೆಂಟು ಹೋದಾಗ ಕಾವಲುಗಾರನೂ ಮಲಗಿರುತ್ತಾನೆ.

ಇನ್ನು ಅಪಾಯದ ಮುಖ. ಎಲ್ಲ ಯಂತ್ರಗಳೊಳಗೂ ಪ್ರವೇಶವಿರುವ ತಂತ್ರಾಂಶ ಕೆಟ್ಟರೆ ಎಲ್ಲವೂ ಒಟ್ಟಿಗೇ ಕೆಡುತ್ತವೆ. ಅಮೆರಿಕದ ಸೋಲಾರ್‌ವಿಂಡ್ಸ್ ಸಂಸ್ಥೆಯ ಉಸ್ತುವಾರಿ ತಂತ್ರಾಂಶದ ನವೀಕರಣದೊಳಗೆ ಗೂಢಚಾರರು ಸೇರಿಸಿದ್ದ ಕಳ್ಳದಾರಿ 2020ರ ಡಿಸೆಂಬರಿನಲ್ಲಿ ಬಯಲಾಯಿತು. ಸುಮಾರು 18,000 ಗ್ರಾಹಕರಿಗೆ ಅದು ತಲುಪಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ಏಜೆಂಟಿಗೆ ಬಂದ ದೋಷಯುಕ್ತ ನವೀಕರಣದಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅಲ್ಲಿ ಶತ್ರು ಯಾರೂ ಇರಲಿಲ್ಲ.

ಆದಕಾರಣ ನವೀಕರಣವನ್ನು ಮೊದಲು ಒಂದೇ ಯಂತ್ರದಲ್ಲಿ ಹಾಕಿ ಎರಡು ದಿನ ನೋಡುವುದು ಒಳ್ಳೆಯದು. ಏಜೆಂಟಿಗೆ ಓದುವ ಅಧಿಕಾರವಷ್ಟೇ ಇರಲಿ. ಅದು ಕಿವಿಗೊಡುವ ದ್ವಾರ, ಅಂದರೆ ಜ್ಯಾಬಿಕ್ಸಿನಲ್ಲಿ 10050, ಹೊರಗಿನ ಅಂತರಜಾಲಕ್ಕೆ ತೆರೆದಿರಬಾರದು. ಎಸ್‌ಎನ್‌ಎಂಪಿ ಬಳಸುವವರು "ಪಬ್ಲಿಕ್" ಎಂಬ ಹಳೆಯ ಗುಪ್ತಪದವನ್ನು ಬದಲಿಸಲೇಬೇಕು. ಅದು ಗುಪ್ತಪದವೆಂದು ಕರೆಯಿಸಿಕೊಳ್ಳಲು ಅರ್ಹವೇ ಅಲ್ಲ. ನಾಗಿಯೋಸಿನ ಏಜೆಂಟಿನಲ್ಲಿ, ಹೊರಗಿನಿಂದ ಬಂದ ಮಾತುಗಳನ್ನು ಆಜ್ಞೆಯೊಡನೆ ಸೇರಿಸಿಕೊಳ್ಳಲು ಅನುಮತಿಸುವ ಒಂದು ಆಯ್ಕೆಗೆ ಅದನ್ನು ರಚಿಸಿದವರು "ಡೋಂಟ್ ಬ್ಲೇಮ್ ಎನ್‌ಆರ್‌ಪಿಇ" ಎಂದೇ ಹೆಸರಿಟ್ಟಿದ್ದಾರೆ. ತೆರೆದರೆ ನಮ್ಮನ್ನು ದೂರಬೇಡಿ ಎಂದರ್ಥ. ಮುಚ್ಚಿಯೇ ಇರಲಿ.

ಏಜೆಂಟ್ ಹೇಳುವುದು ಕಡತ ಇದೆ ಎಂದಷ್ಟೇ. ಅದು ತೆರೆಯುತ್ತದೆ ಎಂದಲ್ಲ. ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಬ್ಯಾಕಪನ್ನು ಮರಳಿ ತೆರೆದು, ಒಂದು ದಿನದ ನಗದು ಶಿಲ್ಕು ತಾಳೆಯಾಗುವುದೇ ಎಂದು ನೋಡಿ, ದಿನಾಂಕ ಸಹಿತ ಬರೆದಿಡಿ. ಈ ಪುಟ ಮತ್ತು ಏಜೆಂಟಿನ ದೈನಂದಿನ ದಾಖಲೆ, ಎರಡೂ ಇದ್ದರೆ ಲೆಕ್ಕಪರಿಶೋಧನೆಯ ಸಮಯದಲ್ಲಿ ವಾದಕ್ಕೆ ಆಸ್ಪದವಿರುವುದಿಲ್ಲ.

ವೆಚ್ಚದ ಮಾತು. ಹತ್ತಾರು ಯಂತ್ರಗಳ ಮಟ್ಟಿಗೆ, ಸುಸ್ಥಿತಿಯಲ್ಲಿರುವ ಒಂದು ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿ ಬೇರೆ ಕಟ್ಟಡದಲ್ಲಿಟ್ಟರೆ ಸಾಕು. ಖರ್ಚಾಗುವುದು ಅದನ್ನು ಹೊಂದಿಸುವವರ ಕೂಲಿಗೆ. ಹೊಂದಿಸಿಕೊಟ್ಟವರಿಂದ ಗುಪ್ತಪದಗಳನ್ನು ಬರೆಸಿಕೊಂಡು ಲಕೋಟೆಯಲ್ಲಿ ತಿಜೋರಿಯಲ್ಲಿಡಿ. ಸಂದೇಶ ಮಾಲೀಕರೊಬ್ಬರಿಗೇ ಹೋಗುವುದು ಬೇಡ. ಅವರು ಮುಂಬೈಗೆ ಹೋಗಿರಬಹುದು, ಮ್ಯಾನೇಜರರಿಗೂ ಹೋಗಲಿ. ಆರಂಭದಲ್ಲಿ ಬ್ಯಾಕಪಿನ ವಯಸ್ಸು, ಬ್ಯಾಕಪಿನ ಗಾತ್ರ, ಡಿಸ್ಕಿನ ಜಾಗ, ಯುಪಿಎಸ್ ಮತ್ತು ಯಂತ್ರದ ಗಡಿಯಾರ ಈ ಐದು ಪ್ರಶ್ನೆಗಳೇ ಇರಲಿ. ದಿನಕ್ಕೆ ನಲವತ್ತು ಸಂದೇಶ ಬಂದರೆ ಮೂರನೆಯ ದಿನ ಯಾರೂ ಓದುವುದಿಲ್ಲ. ಆರನೆಯ ಪ್ರಶ್ನೆಯನ್ನು ಒಂದು ತಿಂಗಳು ಕಳೆದ ಮೇಲೆ ಸೇರಿಸಿದರಾಯಿತು.